ಖಾಲಿ ಚೌಕ

ಸೊನ್ನೆ ಹಾಕ್ಬೇಡ ಕಣೇ, ಅಂದಳು ಜಯಶೀಲಮ್ಮ,
ನನ್ನ ಭುಜದ ಮೇಲಿಂದ ಬಗ್ಗಿ ಪರದೆ ನೋಡುತ್ತ.
ಸೊನ್ನೆ ಅಂದ್ರೆ ಹೋಗಿದ್ದೆ, ಕೇಳಿದ್ದೆ,
ಆ ಮನೇಲಿ ಯಾರಿಗೂ ಏನೂ ಇಲ್ಲ ಅಂತ.
ಖಾಲಿ ಅಂದ್ರೆ ಬೀಗ ಹಾಕಿತ್ತು ಅಂತ.
ಎರಡೂ ಒಂದೇನಾ?

ಲಗ್ಗೆರೆ, ಆರೋಗ್ಯ ಕೇಂದ್ರದ ಹಿಂದಿನ ಕೋಣೆ,
ಲಸಿಕೆ ಫ್ರಿಜ್ಜಿನ ಗುಂಯ್ ಸದ್ದು,
ಗಿಡ್ಡಗಾಲಿನ ಮೇಜಿಗೆ ಒತ್ತಾಸೆಯಾಗಿ
ಮಡಚಿಟ್ಟ ಹಳೆಯ ಪೋಲಿಯೊ ಚೀಟಿ.
ನಾನಿಲ್ಲಿ ಅಂಕಿ ತುಂಬುವವಳು, ಗುತ್ತಿಗೆಯ ಮೇಲೆ,
ಹನ್ನೊಂದು ತಿಂಗಳಿಗೊಮ್ಮೆ ಹೊಸಬಳಾಗುವವಳು.

ಮೊದಲು ಅವಳ ಲೆಕ್ಕ ಅವಳ ಚೀಲದಲ್ಲಿತ್ತು.
ಕ್ಲಿನಿಕ್ಕಿನ ಇನಾಯತನದು ಡ್ರಾಯರಿನಲ್ಲಿ, ಗುಳಿಗೆ ಪಟ್ಟಿಗಳ ಅಡಿ.
ನೀರು ಬಿಡುವ ಮುನಿವೀರಪ್ಪನದು ಕ್ಯಾಲೆಂಡರಿನ ಬೆನ್ನಿಗೆ, ಪೆನ್ಸಿಲ್ಲಿನಲ್ಲಿ:
ಯಾವ ಬೀದಿಗೆ ಎಷ್ಟೊತ್ತಿಗೆ ವಾಲ್ವು ತಿರುಗಿಸಿದ,
ಎಷ್ಟೊತ್ತಿಗೆ ಮುಚ್ಚಿದ,
ಯಾರು ಬೈದರು.

ಈಗ ಮೂವರಿಗೂ ಒಂದೇ ಹಾಳೆ.
ಒಬ್ಬರು ಮುಟ್ಟಿದರೆ ಮೂವರ ಫೋನಿನಲ್ಲೂ ಮಿಸುಕುತ್ತದೆ.
ರಾತ್ರಿ ಹತ್ತಕ್ಕೆ, ಪಾತ್ರೆ ತೊಳೆದಿಟ್ಟು ತೆರೆದರೆ
ಹಸಿರು ಗೆರೆಯೊಂದು ಚೌಕದಿಂದ ಚೌಕಕ್ಕೆ
ಕತ್ತಲಲ್ಲಿ ಸ್ವಿಚ್ಚು ಹುಡುಕುವವರಂತೆ ತಡಕಾಡುತ್ತಿರುತ್ತದೆ.
ಮುನಿವೀರಪ್ಪ. ಒಂದೇ ಬೆರಳಲ್ಲಿ ಬರೆಯುವವನು.
'ಬೈದವರು' ಅಂತ ಕಾಲಂ ಇಲ್ವಲ್ಲಾ ಮೇಡಂ, ಅಂದಿದ್ದ.
ನಕ್ಕು ಸೇರಿಸಿದ್ದೆ.

ಆಷಾಢದಲ್ಲಿ ಆರನೇ ಕ್ರಾಸಿನ ಮಕ್ಕಳು ಭೇದಿಯಾಗಿ ಮಲಗಿದವು.
ಏಳು. ಆಮೇಲೆ ಐದು. ಆಮೇಲೆ ಒಂಬತ್ತು.
ಇನಾಯತನ ಓಆರ್‌ಎಸ್ ಮುಗಿದ ದಿನಗಳ ಪಕ್ಕಕ್ಕೆ
ಜಯಶೀಲಮ್ಮನ ಮನೆಗಳನ್ನು ತಂದಿಟ್ಟೆ,
ಅದರ ಪಕ್ಕಕ್ಕೆ ವಾಲ್ವಿನ ಹೊತ್ತು.
ಏನೂ ಕಾಣಲಿಲ್ಲ.
ಕಂಡದ್ದು, ನಾನು ನಕ್ಕ ಕಾಲಮ್ಮಿನಲ್ಲಿ:
ಪ್ರತಿ ಸಲವೂ ಎರಡು ದಿನ ಮೊದಲು
ಒಂದೇ ಹೆಸರು, ಕೆಂಪಹೊನ್ನಮ್ಮ.
'ಮೊದಲ ಬಿಂದಿಗೆ ನಾತ' ಅಂತ ಬೈದಿದ್ದಳು,
ಮುನಿವೀರಪ್ಪನ ತಾತನನ್ನೂ ಸೇರಿಸಿ.
ಇಡೀ ವಾರ್ಡಿನ ಪ್ರಯೋಗಶಾಲೆ
ಆ ಮುದುಕಿಯ ಮೂಗಿನಲ್ಲಿತ್ತು.

ವಾರ್ಡಿನ ಸಭೆಗೆ ನಕ್ಷೆ ಒಯ್ದೆವು, ಕೆಂಪು ಚುಕ್ಕಿಗಳದ್ದು.
ಇಂಜಿನಿಯರು ಸೀಲು ಎಲ್ಲಿ ಅಂದರು.
ಟೀ ಬಂತು. ಚುಕ್ಕಿ ಎಣಿಸಿದರು. ಮತ್ತೆ ಎಣಿಸಿದರು.
ಕೊನೆಗೆ ಯೋಜನೆಗೆ ಹಾಕಿಕೊಂಡರು, ಪೈಪು ಬದಲಾಯಿತು,
ಟ್ರಾನ್ಸ್‌ಫಾರ್ಮರಿನ ತನಕ.

ಆಚೆ?
ಆಚೆ ಕೇಸೇ ಇಲ್ಲವಲ್ಲ, ಅಂದರು.
ಅವರ ಕೈಯ ಹಾಳೆ ಇಣುಕಿದೆ.
ಮುದ್ರಿಸುವಾಗ ಯಾರೋ ಅಂದವಾಗಿರಲೆಂದು
ಖಾಲಿಗಳಿಗೆಲ್ಲ ಸೊನ್ನೆ ತುಂಬಿದ್ದರು.
ಹದಿನಾಲ್ಕು ಬೀಗಗಳು,
ಹದಿನಾಲ್ಕು ದುಂಡನೆಯ ಆರೋಗ್ಯ.
ಜಯಶೀಲಮ್ಮ ನನ್ನತ್ತ ನೋಡಲಿಲ್ಲ. ಅದೇ ಸಾಕಾಗಿತ್ತು.

ಮರುದಿನ ಬೆಳಗ್ಗೆ ಆರಕ್ಕೇ ಹೊರಟೆವು,
ಬೀಗ ತೆಗೆಯುವ ಹೊತ್ತಿಗೆ.
ರೇಣವ್ವ ಆಗಷ್ಟೇ ಬಂದಿದ್ದಳು,
ರಾತ್ರಿಯೆಲ್ಲ ಮಾಲಿನ ನೆಲ ಒರೆಸಿ,
ಕೈಗೆ ಇನ್ನೂ ಫಿನಾಯಿಲಿನ ವಾಸನೆ.
ಹೆಸರು ಬರೀತೀರೇನ್ರೀ?
ಇಲ್ಲಮ್ಮ, ಅಂಕಿ ಮಾತ್ರ.
ಸ್ವಲ್ಪ ಹೊತ್ತು ಸುಮ್ಮನಿದ್ದಳು,
ಸಮಾಧಾನವೋ ಬೇಜಾರೋ, ತಿಳಿಯಲಿಲ್ಲ.
ಹಂಗಾರ ಎರಡು ಬರ್ಕೊಳ್ರಿ.
ಸಣ್ಣದನ್ನ ಊರಿಗೆ ಕಳಿಸೀನಿ, ಜಡ್ಡು ಬಿದ್ದಮ್ಯಾಲೆ.
ಅದನ್ನೂ ಹಿಡೀಬೇಕೇನು?

ಅದಕ್ಕೆ ಕಾಲಂ ಇರಲಿಲ್ಲ.
ಯಾವ ಕೊಳಾಯಿ ನೀರು ಕುಡೀತಿತ್ತು ಅದು,
ಎಂದು ಕೇಳಿದಳು ಜಯಶೀಲಮ್ಮ.
ರೇಣವ್ವ ಬೆರಳು ತೋರಿದಳು.
ಮೂರು ಎಂದು ಬರೆದೆ.

ಬರೆಯುತ್ತಿರುವಾಗಲೇ ಅದೇ ಸಾಲಿಗೆ
ಹಸಿರು ಗೆರೆ ಬಂದು ನಿಂತಿತು.
ವಾಲ್ವು ತೆರೆದದ್ದು: ಐದೂ ನಲವತ್ತು.
ಬೈದವರು: ಒಂದು ಸೊನ್ನೆ ಮೂಡಿತು,
ಅಳಿಸಿಹೋಯಿತು,
ಬಹಳ ಹೊತ್ತಿನ ಮೇಲೆ, ಒಂದೊಂದೇ ಅಕ್ಷರ:
ಇನ್ನೂ ಕೇಳಿಲ್ಲ.